ಮೇಷ್ಟ್ರು ಬೇಕಾಗಿದ್ದಾರೆ!



ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮಲ್ಲಿ ಒಂದು ಚರ್ಚೆ ಖಾಯಂ. ವೀಕೆಂಡಿನಲ್ಲಿ ಯಾರದೋ ಮನೆಯಲ್ಲಿ ನಾಲ್ಕು ಕುಟುಂಬ ಸೇರಿರುತ್ತವೆ, ಬಿಸಿಬೇಳೆಬಾತ್ ಖಾಲಿಯಾಗಿರುತ್ತೆ, ಮಾತು ಊರಿನ ಕಡೆ ಹೊರಳುತ್ತೆ. "ಸರ್ಕಾರಿ ಶಾಲೆ ಮೇಷ್ಟ್ರಿಗೆ ಕೆಲಸ ಹೋಗುತ್ತೆ ಅನ್ನೋ ಹೆದರಿಕೆಯೇ ಇಲ್ಲ ಕಣ್ರೀ, ಅದಕ್ಕೇ ಹಿಂಗಾಗಿರೋದು. ನಮ್ಮ ಕಂಪನಿಗಳಲ್ಲಿರೋ ಥರ ವರ್ಷಕ್ಕೊಂದು ಅಪ್ರೈಸಲ್ ಇಡಲಿ. ಮಕ್ಕಳ ಅಂಕ ನೋಡಿ ಸಂಬಳ ಕೊಡಲಿ. ಕೊನೇ ಹತ್ತು ಪರ್ಸೆಂಟ್ ಜನಾನ ಮನೆಗೆ ಕಳಿಸಲಿ. ಐದೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ!" ಸುತ್ತ ಕೂತವರೆಲ್ಲ ತಲೆಯಾಡಿಸುತ್ತಾರೆ. ಯಾಕಂದ್ರೆ ಸುತ್ತ ಕೂತವರೆಲ್ಲ ಆ ಅಪ್ರೈಸಲ್ ದಾಟಿಕೊಂಡು ಬಂದವರೇ.

ಇದನ್ನು ಬರೀ ಊಟದ ಮೇಲಿನ ಹರಟೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮವರಲ್ಲಿ ಕೆಲವರು ಊರಿನ ಶಾಲೆಗಳಿಗೆ ದುಡ್ಡು ಕೊಡ್ತಾರೆ, ಕೆಲವರಿಗೆ ಬೆಂಗಳೂರಿನಲ್ಲಿ ಮಂತ್ರಿಗಳ, ಅಧಿಕಾರಿಗಳ ಪರಿಚಯ ಇದೆ. "ಅಮೆರಿಕದಲ್ಲಿ ಹೀಗಿದೆ ಸಾರ್" ಅಂತ ನಾವು ಹೇಳಿದ ಮಾತಿಗೆ ಅಲ್ಲಿ ತೂಕ ಇದೆ. ಹಾಗಾಗಿ ಅಮೆರಿಕದಲ್ಲಿ ನಿಜವಾಗಿ ಏನಾಯ್ತು ಅಂತ ಒಮ್ಮೆ ಸರಿಯಾಗಿ ನೋಡೋಣ. ಈ ಪ್ರಯೋಗ ಇಲ್ಲಿ ಆಗಿಹೋಗಿದೆ, ಫಲಿತಾಂಶವೂ ಬಂದಿದೆ.

2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಗೆ ಸಹಿ ಹಾಕಿದರು. 2014ರ ಹೊತ್ತಿಗೆ ದೇಶದ ಪ್ರತಿಯೊಂದು ಮಗುವೂ ಓದಿನಲ್ಲಿ, ಲೆಕ್ಕದಲ್ಲಿ ನಿಗದಿಯಾದ ಮಟ್ಟ ಮುಟ್ಟಬೇಕು ಅನ್ನೋದು ಗುರಿ. ನೂರಕ್ಕೆ ನೂರು! ಸಾಫ್ಟ್‌ವೇರ್ ಬರೆಯೋ ಯಾರನ್ನಾದರೂ ಕೇಳಿ, ಜೀರೋ ಬಗ್ ಅಂತ ಗುರಿ ಇಟ್ಟರೆ ಏನಾಗುತ್ತೆ? ಬಗ್ ಕಡಿಮೆಯಾಗಲ್ಲ, ಬಗ್ ಬರೆದುಕೊಳ್ಳೋದು ಕಡಿಮೆಯಾಗುತ್ತೆ. ಹಾಗೇ ಆಯ್ತು. ಹಲವು ರಾಜ್ಯಗಳು ಪರೀಕ್ಷೆಯನ್ನೇ ಸುಲಭ ಮಾಡಿಕೊಂಡವು. ಅಟ್ಲಾಂಟಾದಲ್ಲಿ ಮೇಷ್ಟ್ರುಗಳೇ ಮಕ್ಕಳ ಉತ್ತರ ಅಳಿಸಿ ತಿದ್ದಿದರು. 2011ರಲ್ಲಿ ಹೊರಬಿದ್ದ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿಯ ಹೆಸರಿತ್ತು. 2015ರಲ್ಲಿ 11 ಮಂದಿ ತಪ್ಪಿತಸ್ಥರು ಅಂತ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಕಾಯ್ದೆಯನ್ನೇ ಬದಲಿಸಲಾಯಿತು.

ಇದರ ನಡುವೆ 2009ರಲ್ಲಿ ಒಬಾಮಾ ಸರ್ಕಾರ 'ರೇಸ್ ಟು ದಿ ಟಾಪ್' ಅಂತ 435 ಕೋಟಿ ಡಾಲರ್ ಪಕ್ಕಕ್ಕಿಟ್ಟು, ಮಕ್ಕಳ ಅಂಕಗಳನ್ನು ಮೇಷ್ಟ್ರ ಮೌಲ್ಯಮಾಪನಕ್ಕೆ ಜೋಡಿಸೋ ರಾಜ್ಯಗಳಿಗೆ ಅನುಕೂಲ ಮಾಡಿಕೊಟ್ಟಿತು. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಸುಮಾರು 6 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ತಾನೇ ರೇಟಿಂಗ್ ಕಟ್ಟಿ, ಹೆಸರು ಸಮೇತ ಪ್ರಕಟಿಸಿತು. ಹೋಟೆಲ್ಲಿಗೆ ಸ್ಟಾರ್ ಕೊಟ್ಟ ಹಾಗೆ! ಈ ಲೆಕ್ಕದ ಹಿಂದಿದ್ದ ಗಣಿತದ ಬಗ್ಗೆ 2014ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ ಒಂದು ಹೇಳಿಕೆ ಕೊಟ್ಟಿತು. ಮಕ್ಕಳ ಅಂಕಗಳಲ್ಲಿ ಕಾಣೋ ಏರುಪೇರಿನಲ್ಲಿ ಮೇಷ್ಟ್ರ ಪಾಲು ಶೇ. 1ರಿಂದ 14ರಷ್ಟು ಅಂತ ಹೆಚ್ಚಿನ ಅಧ್ಯಯನಗಳು ಹೇಳ್ತವೆ ಅಂತ. ಉಳಿದದ್ದು? ಮನೆ, ಬಡತನ, ಶಾಲೆಯ ಸ್ಥಿತಿ, ಆ ದಿನದ ಜ್ವರ, ಅದೃಷ್ಟ. ಇಷ್ಟು ಗದ್ದಲ ತುಂಬಿದ ಅಂಕಿಯ ಮೇಲೆ ನಮ್ಮ ಬೋನಸ್ ನಿರ್ಧಾರ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ವಾ?

ಗೇಟ್ಸ್ ಫೌಂಡೇಶನ್ ಕತೆ ಇನ್ನೂ ದೊಡ್ಡದು. ಫ್ಲಾರಿಡಾದ ಹಿಲ್ಸ್‌ಬರೋ, ಮೆಂಫಿಸ್, ಪಿಟ್ಸ್‌ಬರ್ಗ್ ಮತ್ತು ನಾಲ್ಕು ಚಾರ್ಟರ್ ಶಾಲಾ ಜಾಲಗಳಲ್ಲಿ ಮೇಷ್ಟ್ರುಗಳನ್ನು ಅಳೆಯುವ, ಒಳ್ಳೆಯವರಿಗೆ ಬೋನಸ್ ಕೊಡುವ, ಕಳಪೆಯವರನ್ನು ಸಾಗಹಾಕುವ ಯೋಜನೆ. ಒಟ್ಟು ಖರ್ಚು ಸುಮಾರು 57.5 ಕೋಟಿ ಡಾಲರ್. ಇದರಲ್ಲಿ ಗೇಟ್ಸ್ ದುಡ್ಡಿನ ಜತೆ ಜನರ ತೆರಿಗೆಯೂ ಸೇರಿತ್ತು. 2018ರಲ್ಲಿ ರ‍್ಯಾಂಡ್ ಸಂಸ್ಥೆ ವರದಿ ಕೊಟ್ಟಿತು: ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ, ಬಡ ಮಕ್ಕಳಿಗೆ ಒಳ್ಳೆ ಮೇಷ್ಟ್ರು ಸಿಗುವುದೂ ಹೆಚ್ಚಲಿಲ್ಲ. ತಮಾಷೆ ಅಂದ್ರೆ, ನೌಕರರನ್ನು ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡೋ ಪದ್ಧತಿಯನ್ನು ಗೇಟ್ಸ್ ಕಟ್ಟಿದ ಮೈಕ್ರೋಸಾಫ್ಟೇ 2013ರಲ್ಲಿ ಕೈಬಿಟ್ಟಿತ್ತು. ಅಲ್ಲಿ ಕೆಲಸ ಮಾಡೋ ನಮ್ಮ ಗೆಳೆಯರು ಆವತ್ತು ಎಷ್ಟು ಖುಷಿಪಟ್ಟಿದ್ರು!

ಎಂಜಿನಿಯರುಗಳಾದ ನಮಗೆ ಇನ್ನೊಂದು ಕೇಸು ಹತ್ತಿರದ್ದು. ಸಿಲಿಕಾನ್ ವ್ಯಾಲಿಯ ಉದ್ಯಮಿ, ಇನ್ಫಿನೆರಾ ಕಂಪನಿಯ ಡೇವಿಡ್ ವೆಲ್ಚ್, ಕ್ಯಾಲಿಫೋರ್ನಿಯಾದ ಮೇಷ್ಟ್ರುಗಳಿಗಿರುವ ಕೆಲಸದ ಭದ್ರತೆಯ ಕಾನೂನುಗಳ ವಿರುದ್ಧ ಒಂಬತ್ತು ವಿದ್ಯಾರ್ಥಿಗಳ ಹೆಸರಿನಲ್ಲಿ ನಡೆದ ವೆರ್ಗಾರಾ ಮೊಕದ್ದಮೆಗೆ ಬೆನ್ನೆಲುಬಾಗಿ ನಿಂತರು. 2014ರಲ್ಲಿ ಗೆದ್ದರು. 2016ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕಾರಣ ಗಮನಿಸಿ: ಬಡ ಮಕ್ಕಳ ಶಾಲೆಗೆ ಕಳಪೆ ಮೇಷ್ಟ್ರು ಬರೋದು ಈ ಕಾನೂನಿನಿಂದ ಅಂತ ಸಾಬೀತಾಗಿಲ್ಲ, ಯಾರನ್ನು ಯಾವ ಶಾಲೆಗೆ ಹಾಕಬೇಕು ಅಂತ ತೀರ್ಮಾನಿಸೋದು ಆಡಳಿತ. ಅಂದ್ರೆ ಸಮಸ್ಯೆ ಮೇಷ್ಟ್ರ ಭದ್ರತೆಯಲ್ಲಿ ಇರಬೇಕಾಗಿಲ್ಲ, ಮೇಷ್ಟ್ರ ಹಂಚಿಕೆಯಲ್ಲಿರಬಹುದು. ಈ ಮಾತು ಮುಂದೆ ನಮ್ಮೂರಿಗೂ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಮಿಷೆಲ್ ರೀ 2010ರ ಜುಲೈನಲ್ಲಿ 241 ಶಿಕ್ಷಕರನ್ನು ಒಂದೇ ಏಟಿಗೆ ತೆಗೆದರು. ಆ ವರ್ಷ ಅವರನ್ನು ನೇಮಿಸಿದ್ದ ಮೇಯರ್ ಸೋತರು, ಅವರೂ ಹೋದರು. ಆದರೆ ಅವರು ತಂದ ಪದ್ಧತಿ ಉಳಿಯಿತು. ಮುಂದೆ ನಡೆದ ಅಧ್ಯಯನಗಳ ಪ್ರಕಾರ ತೆಗೆದ ಮೇಷ್ಟ್ರುಗಳ ಜಾಗಕ್ಕೆ ಬಂದವರು ಸರಾಸರಿಯಲ್ಲಿ ಉತ್ತಮರೇ ಆಗಿದ್ದರು. ಹಾಗಾದರೆ ಅಪ್ರೈಸಲ್ ಪಕ್ಷದವರು ಗೆದ್ದಂತಾಯ್ತಾ? ತಾಳಿ. ಡಿ.ಸಿ. ತನ್ನ ಒಳ್ಳೆ ಶಿಕ್ಷಕರಿಗೆ ದೇಶದಲ್ಲೇ ಹೆಚ್ಚು ಅನ್ನೋ ಮಟ್ಟದ ಸಂಬಳ ಕೊಡೋದಕ್ಕೆ ತಯಾರಿತ್ತು. ಒಬ್ಬರನ್ನು ತೆಗೆದರೆ ಆ ಕುರ್ಚಿಗೆ ಬರೋದಕ್ಕೆ ಹೊರಗೆ ಕ್ಯೂ ಇತ್ತು, ಕ್ಯೂನಲ್ಲಿದ್ದವರನ್ನು ಕೆಲವೇ ವಾರಗಳಲ್ಲಿ ಒಳಗೆ ಕರೆದುಕೊಳ್ಳೋ ವ್ಯವಸ್ಥೆಯಿತ್ತು. ನಮ್ಮಲ್ಲಿ ಕ್ಯೂ ಇದೆ, ಬಹಳ ಉದ್ದದ್ದೇ ಇದೆ. ಬಾಗಿಲು ತೆಗೆಯೋರಿಲ್ಲ.

ಈಗ ಊರಿಗೆ ಬರೋಣ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಪಾಸಾದವರು ಶೇ. 94. ಯಾದಗಿರಿಯಲ್ಲಿ ಶೇ. 50.59. ಅದೇ ರಾಜ್ಯ, ಅದೇ ಪಠ್ಯಪುಸ್ತಕ, ಅದೇ ಪ್ರಶ್ನೆಪತ್ರಿಕೆ. ಆ ವರ್ಷ ಪರೀಕ್ಷಾ ಕೋಣೆಗಳಿಗೆಲ್ಲ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಬಿತ್ತು, ಅದೂ ಶೇ. 20ರಷ್ಟು ಕೃಪಾಂಕ ಕೊಟ್ಟ ಮೇಲೆ! ಅಟ್ಲಾಂಟಾದ ರಬ್ಬರು ನಮ್ಮಲ್ಲೂ ಬೇರೆ ರೂಪದಲ್ಲಿ ಇತ್ತು ಅಂತಾಯ್ತು. ಫಲಿತಾಂಶ ಕಡಿಮೆಯಾದ ಕಡೆ ಮುಖ್ಯೋಪಾಧ್ಯಾಯರಿಗೆ ನೋಟಿಸು ಹೋಗುತ್ತೆ. ನೋಟಿಸಿನಲ್ಲಿ ಒಂದು ಪ್ರಶ್ನೆ ಮಾತ್ರ ಇರಲ್ಲ: ಸ್ವಾಮಿ, ನಿಮ್ಮ ಶಾಲೆಗೆ ಗಣಿತದ ಮೇಷ್ಟ್ರು ಇದ್ರಾ?

ಉಡುಪಿಯ ಮಕ್ಕಳು ಬುದ್ಧಿವಂತರು, ಯಾದಗಿರಿಯ ಮಕ್ಕಳು ದಡ್ಡರು ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಆದರೆ ಪ್ರತಿ ವರ್ಷ ಆ ಪಟ್ಟಿ ಓದಿ "ಓ, ಈ ಸಲವೂ ಅವರೇ ಕೊನೆ" ಅಂತ ಪೇಪರ್ ಮಡಿಸಿಡ್ತೀವಲ್ಲ, ಅದೂ ಅದೇ ಮಾತೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತ್ತು. ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದಲ್ಲೇ. ಎರಡು ದಶಕ ಆದ ಮೇಲೂ ಫಲಿತಾಂಶದ ಪಟ್ಟಿಯ ತಳಭಾಗ ನೋಡಿದರೆ ಹೆಚ್ಚುಕಡಿಮೆ ಅದೇ ಭೂಪಟ.

ಇಲ್ಲಿ ಮತ್ತೆ ಅಮೆರಿಕವನ್ನು ಎಳೆದು ತರ್ತೀನಿ. ಮೇಷ್ಟ್ರುಗಳಿಗೆ ಅಂಕ ಹಾಕೋ ಅಮೆರಿಕ ಅಲ್ಲ, ಇನ್ನೊಂದು ಅಮೆರಿಕ. ಇಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಮನೆ ತೆರಿಗೆಯಿಂದ ಬರುತ್ತೆ. ಶ್ರೀಮಂತ ಊರಿಗೆ ಶ್ರೀಮಂತ ಶಾಲೆ, ಬಡ ಊರಿಗೆ ಬಡ ಶಾಲೆ. ಕ್ಯುಪರ್ಟಿನೋ, ಫ್ರೀಮಾಂಟ್, ನೇಪರ್‌ವಿಲ್, ವೆಸ್ಟ್ ವಿಂಡ್ಸರ್‌ಗಳಲ್ಲಿ ಮನೆ ಹುಡುಕೋವಾಗ ನಾವು ಅಡುಗೆಮನೆಗಿಂತ ಮೊದಲು ಶಾಲೆಯ ರೇಟಿಂಗ್ ನೋಡ್ತೀವಿ, ಹತ್ತಕ್ಕೆ ಒಂಬತ್ತೋ ಹತ್ತೋ ಇದ್ದರೆ ಲಕ್ಷ ಡಾಲರ್ ಹೆಚ್ಚು ಕೊಡ್ತೀವಿ. ಅದು ಸರ್ಕಾರಿ ಶಾಲೆ ಅನ್ನೋದನ್ನು ಮರೆಯಬೇಡಿ. ಊರಿನಲ್ಲಿ ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯುವ ನಮ್ಮ ಬಂಧುಗಳಿಗೆ, ನಮ್ಮ ಮಕ್ಕಳು ಫೀಸಿಲ್ಲದ ಸರ್ಕಾರಿ ಶಾಲೆಗೆ ಹೋಗ್ತಾರೆ ಅಂತ ಹೇಳಿದಾಗ ಅವರ ಮುಖ ನೋಡಬೇಕು!

ಈ ಅಸಮಾನತೆ ಸರಿಯಾ ಅಂತ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಬಡ ಪೋಷಕರು ಸುಪ್ರೀಂ ಕೋರ್ಟಿಗೆ ಹೋದರು. 1973ರಲ್ಲಿ 5-4ರ ತೀರ್ಪಿನಲ್ಲಿ ಸೋತರು. ಶಿಕ್ಷಣ ಅನ್ನೋದು ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಅಂತಾಯ್ತು. ಆಮೇಲೆ ಜಗಳ ರಾಜ್ಯಗಳ ಕೋರ್ಟುಗಳಿಗೆ ಹೋಯ್ತು. ನ್ಯೂಜೆರ್ಸಿಯಲ್ಲಿ ಕ್ಯಾಮ್ಡೆನ್, ಈಸ್ಟ್ ಆರೆಂಜ್, ಇರ್ವಿಂಗ್ಟನ್, ಜೆರ್ಸಿ ಸಿಟಿಯ ಮಕ್ಕಳ ಪರವಾಗಿ 1981ರಲ್ಲಿ ಹೂಡಿದ ಆ್ಯಬಟ್ ಮೊಕದ್ದಮೆ ದಶಕಗಳ ಕಾಲ ನಡೆಯಿತು. ಬಡ ಊರುಗಳ ಶಾಲೆಗೂ ಶ್ರೀಮಂತ ಊರುಗಳಷ್ಟೇ ದುಡ್ಡು ಬರಬೇಕು ಅಂತ ಕೋರ್ಟು ಮತ್ತೆ ಮತ್ತೆ ಹೇಳಬೇಕಾಯ್ತು. 1998ರಲ್ಲಿ ಆ ಊರುಗಳ ಮೂರು, ನಾಲ್ಕು ವರ್ಷದ ಮಕ್ಕಳಿಗೆಲ್ಲ ಒಳ್ಳೆ ಶಿಶುವಿಹಾರ ಕೊಡಿ ಅಂತ ಆದೇಶಿಸಿತು. ಒಂದು ತರಗತಿಗೆ 15 ಮಕ್ಕಳು ಮೀರುವಂತಿಲ್ಲ, ಡಿಗ್ರಿ ಮತ್ತು ತರಬೇತಿ ಇರೋ ಶಿಕ್ಷಕರು, ಜತೆಗೊಬ್ಬ ಸಹಾಯಕರು ಇರಬೇಕು. ಆ ಮಕ್ಕಳಿಗೆ ಮುಂದಿನ ತರಗತಿಗಳಲ್ಲೂ ಇದರಿಂದ ಲಾಭವಾಯ್ತು ಅಂತ ಅವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ತೋರಿಸಿವೆ. ಕ್ಯಾಮ್ಡೆನ್ ಇವತ್ತಿಗೂ ಪ್ರಿನ್ಸ್‌ಟನ್ ಆಗಿಲ್ಲ, ಸುರಿದ ದುಡ್ಡೆಲ್ಲ ಸರಿಯಾಗಿ ಖರ್ಚಾಯ್ತು ಅಂತಲೂ ಅಲ್ಲ. ಆದರೆ ಅಲ್ಲಿನವರು ಕೇಳಿದ ಪ್ರಶ್ನೆ ಸರಿಯಾದದ್ದು. "ಯಾವ ಮೇಷ್ಟ್ರು ಕೆಟ್ಟವರು" ಅಂತ ಅವರು ಕೇಳಲಿಲ್ಲ. "ನಮ್ಮ ಮಕ್ಕಳ ಪಾಲು ಎಲ್ಲಿ" ಅಂತ ಕೇಳಿದರು.

ನಮ್ಮಲ್ಲಿ ಈ ಪ್ರಶ್ನೆ ಕೇಳೋದು ಇನ್ನೂ ಸುಲಭ. ಅಮೆರಿಕದಲ್ಲಿ ಇಲ್ಲದ ಮೂಲಭೂತ ಹಕ್ಕು ಭಾರತದಲ್ಲಿದೆ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಅದರಲ್ಲಿ ಖಾಸಗಿ ಶಾಲೆಯ ಶೇ. 25 ಸೀಟಿನ ವಿಚಾರ ಎಲ್ಲರಿಗೂ ಗೊತ್ತು, ಯಾಕಂದ್ರೆ ಪೇಪರಿನಲ್ಲಿ ಬಂದದ್ದು ಅದೇ. ಉಳಿದದ್ದನ್ನೂ ಓದಿ. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರು. ಆರರಿಂದ ಎಂಟನೇ ತರಗತಿಗೆ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. 26ನೇ ಕಲಂ ಪ್ರಕಾರ ಸರ್ಕಾರಿ ಶಾಲೆಗಳ ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರೋದು ಶೇ. 10ನ್ನು ಮೀರುವಂತಿಲ್ಲ. 27ನೇ ಕಲಂ ಪ್ರಕಾರ ದಶವಾರ್ಷಿಕ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಮೇಷ್ಟ್ರುಗಳನ್ನು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ.

ಕಾಯ್ದೆ ಹೀಗಿದ್ದರೂ ಕರ್ನಾಟಕದಲ್ಲಿ ಸಾವಿರಾರು ಏಕೋಪಾಧ್ಯಾಯ ಶಾಲೆಗಳಿವೆ. ಒಂದರಿಂದ ಐದರವರೆಗೆ ಒಬ್ಬರೇ. ಅವರೇ ಹೆಡ್‌ಮಾಸ್ಟರು, ಅವರೇ ಗುಮಾಸ್ತರು, ಬಿಸಿಯೂಟದ ಲೆಕ್ಕದವರು, ಹಾಲಿನಪುಡಿ ಲೆಕ್ಕದವರು, ಮೊಟ್ಟೆ ಲೆಕ್ಕದವರು. ಅವರು ಬಿಇಒ ಕಚೇರಿಗೆ ಮೀಟಿಂಗಿಗೆ ಹೋದ ದಿನ ಶಾಲೆಗೆ ರಜ ಅಂತಲೇ ಅರ್ಥ. ಒಂದೊಂದು ಏಕೋಪಾಧ್ಯಾಯ ಶಾಲೆಯೂ ಕಾಯ್ದೆಯ ಉಲ್ಲಂಘನೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ, ಅಷ್ಟು ಒಗ್ಗಿಹೋಗಿದೆ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಮನೆಮನೆಗೆ ಕಳಿಸಿದರು. ಮುಗಿಯಲಿಲ್ಲ ಅಂತ ದಸರಾ ರಜವನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಅನ್ನೋದು ಬೇರೆ ಮಾತು. ಪಾಠ ಹೋದದ್ದು ಯಾರದು? ಆ ದಿನಗಳಲ್ಲಿ ಸಮೀಕ್ಷೆಗೆ ಹೋಗಬೇಕಿಲ್ಲದ ಖಾಸಗಿ ಶಾಲೆಯ ಮೇಷ್ಟ್ರ ಮಕ್ಕಳದ್ದಂತೂ ಅಲ್ಲ.

ಇನ್ನು ಖಾಲಿ ಹುದ್ದೆಗಳಿಗೆ ಸರ್ಕಾರ ಕಂಡುಕೊಂಡ ಉಪಾಯ 'ಅತಿಥಿ ಶಿಕ್ಷಕರು'. ಎಂಥ ಹೆಸರು ನೋಡಿ! ಅತಿಥಿ ಅಂದ್ರೆ ಬಂದು ಉಂಡು ಹೋಗುವವರು. ಇವರು ಬಂದು ದುಡಿದು, ಉಣ್ಣದೇ ಹೋಗುವವರು. ಶಾಲೆ ಶುರುವಾದ ಮೇಲೆ ನೇಮಕ, ಮಾರ್ಚಿಗೆ ಮುಕ್ತಾಯ, ಬೇಸಿಗೆಗೆ ಸಂಬಳವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರ ಇದ್ದ ಗೌರವಧನಕ್ಕೆ 2025-26ರ ಬಜೆಟ್ಟಿನಲ್ಲಿ 2 ಸಾವಿರ ಸೇರಿಸಿದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಸಿಗುತ್ತೆ. ವರ್ಷವರ್ಷ ಹತ್ತಾರು ಸಾವಿರ ಜನ ಹೀಗೆ ಸೇರ್ತಾರೆ, ಬಿಡ್ತಾರೆ.

ಕಳೆದ ಸಲ ಊರಿಗೆ ಹೋದಾಗ ಗೆಳೆಯನೊಬ್ಬನ ಜತೆ ರಾಯಚೂರು ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಅಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಬಿಎಸ್ಸಿ, ಬಿಎಡ್ ಆದವರು. ಭಿನ್ನರಾಶಿ ಹೇಳಿಕೊಡೋದಕ್ಕೆ ರೊಟ್ಟಿ ತಂದಿದ್ದರು, ನಿಜವಾದ ಜೋಳದ ರೊಟ್ಟಿ. ಹುಡುಗರು ಕಾಲು, ಅರೆ, ಮುಕ್ಕಾಲು ಅಂತ ಮುರಿದು ಮುರಿದು ಲೆಕ್ಕ ಹೇಳಿ ಕೊನೆಗೆ ತಿಂದುಬಿಟ್ಟರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಮೇಡಂ ಅಂತ ಕೇಳಿದೆ. "ಈ ಸಾಲ್ಯಾಗ ಇದೇ ಮೊದಲನೇ ವರ್ಷ ರೀ ಸರ್. ಹೋದ ವರ್ಷ ಬ್ಯಾರೆ ಊರಾಗಿದ್ದೆ, ಅದರ ಹಿಂದಿನ ವರ್ಷ ಮತ್ತೊಂದು. ಮುಂದಿನ ವರ್ಷ ಎಲ್ಲಿ ಅಂತ ನನಗೂ ಗೊತ್ತಿಲ್ಲ, ಈ ಹುಡುಗರಿಗೂ ಗೊತ್ತಿಲ್ಲ" ಅಂದರು. ಮೂರು ತಿಂಗಳ ಗೌರವಧನ ಬಾಕಿ ಇತ್ತಂತೆ. ಅದನ್ನು ಅವರಾಗಿ ಹೇಳಲಿಲ್ಲ, ಆಮೇಲೆ ಹೆಡ್‌ಮಾಸ್ಟರು ಹೇಳಿದರು. ಇವರಿಗೆ ಯಾವ ಅಪ್ರೈಸಲ್ ಮಾಡ್ತೀರಿ? ಇವರನ್ನು ಪ್ರತಿ ಮಾರ್ಚಿನಲ್ಲೂ ಕೆಲಸದಿಂದ ತೆಗೆಯಲಾಗ್ತಿದೆಯಲ್ಲ!

ಅದೇ ಶಾಲೆಯಲ್ಲಿ ಒಂದು ಬೀಗ ಹಾಕಿದ ಕೋಣೆಯೂ ಇತ್ತು. ಹೊರದೇಶದ ಕನ್ನಡಿಗರ ಗುಂಪೊಂದು ಕೊಟ್ಟ ಎಂಟು ಕಂಪ್ಯೂಟರುಗಳು ಅದರೊಳಗೆ. ಬೋರ್ಡು ಮಾತ್ರ ಚೆನ್ನಾಗಿತ್ತು, ದಾನಿಗಳ ಹೆಸರೆಲ್ಲ ಅಕ್ಷರ ತಪ್ಪಿಲ್ಲದೆ ಬರೆದಿದ್ದರು. ಕಲಿಸೋರಿಲ್ಲ, ಯುಪಿಎಸ್ ಕೆಟ್ಟು ಎರಡು ವರ್ಷವಾಗಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದ ಮೊದಲಲ್ಲಿ ಕಂಪ್ಯೂಟರ್ ಮೂಲಕ ಕಲಿಸೋ ಕೆಲಸ ದೊಡ್ಡದಾಗಿ ಮಾಡಿ, ಅದರಿಂದ ಅಂದುಕೊಂಡಷ್ಟು ಆಗಲ್ಲ ಅಂತ ಕಂಡುಕೊಂಡು, ಆಮೇಲೆ ಮೇಷ್ಟ್ರುಗಳ ಜತೆ ವರ್ಷಾನುಗಟ್ಟಲೆ ಕೂತು ಮಾಡುವ ಕೆಲಸಕ್ಕೆ ತಿರುಗಿತು. ಸಾಫ್ಟ್‌ವೇರ್ ಕಂಪನಿ ಕಟ್ಟಿದವರೇ ಕಲಿತ ಪಾಠ ಅದು. ಆದರೂ ನಾವು ಕಂಪ್ಯೂಟರ್ ಕಳಿಸೋದು ನಿಲ್ಲಿಸಿಲ್ಲ. ಕಂಪ್ಯೂಟರಿನ ಜತೆ ಫೋಟೋ ತೆಗೆಸಿಕೊಳ್ಳಬಹುದು, ಭರ್ತಿಯಾದ ಹುದ್ದೆಯ ಜತೆ ಹೇಗೆ ತೆಗೆಸಿಕೊಳ್ಳೋದು?

ಈಗ ಎದುರು ವಾದ. ನಮ್ಮಲ್ಲಿ ಓದಿಕೊಂಡವರು ಇದನ್ನು ಎತ್ತೇ ಎತ್ತುತ್ತಾರೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರದ ಹಳ್ಳಿ ಶಾಲೆಗಳಲ್ಲಿ ಪ್ರಯೋಗ ಮಾಡಿ, ಗುತ್ತಿಗೆ ಶಿಕ್ಷಕರು ಖಾಯಂ ಶಿಕ್ಷಕರಿಗಿಂತ ಕಡಿಮೆಯೇನಿಲ್ಲ ಅಂತ ತೋರಿಸಿದ್ದಾರೆ, ಅದೂ ಖಾಯಂ ಸಂಬಳದ ಒಂದು ತುಣುಕಿಗೆ. ಇಂಡೋನೇಷ್ಯಾದಲ್ಲಿ ಖಾಯಂ ಮೇಷ್ಟ್ರುಗಳ ಸಂಬಳ ದುಪ್ಪಟ್ಟು ಮಾಡಿದರೂ ಮಕ್ಕಳ ಕಲಿಕೆ ಕದಲಲಿಲ್ಲ ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಎರಡೂ ಗಟ್ಟಿ ಕೆಲಸಗಳು, ತಳ್ಳಿಹಾಕೋ ಹಾಗಿಲ್ಲ. ಖಾಯಂ ಆದೇಶ ಕೈಗೆ ಬಂದ ಕೂಡಲೇ ಯಾರೂ ಒಳ್ಳೆ ಮೇಷ್ಟ್ರಾಗಿಬಿಡಲ್ಲ, ಒಪ್ಪೋಣ. ಆದರೆ ಕೀನ್ಯಾದ ಕತೆಯನ್ನೂ ಜತೆಗೆ ಓದಿ. ಅಲ್ಲಿ ಗುತ್ತಿಗೆ ಶಿಕ್ಷಕರನ್ನು ಒಂದು ಎನ್‌ಜಿಒ ನೋಡಿಕೊಂಡಾಗ ಮಕ್ಕಳ ಅಂಕ ಏರಿತು. ಅದೇ ಯೋಜನೆಯನ್ನು ಸರ್ಕಾರ ನಡೆಸಿದಾಗ ಲಾಭ ಸೊನ್ನೆ. ಸಂಬಳ ತಡ, ಮೇಲ್ವಿಚಾರಣೆ ಇಲ್ಲ. ನಮ್ಮ ಅತಿಥಿ ಶಿಕ್ಷಕರ ಪದ್ಧತಿ ಯಾವುದನ್ನು ಹೋಲುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಇನ್ನೂ ಒಂದಿದೆ: ನ್ಯೂಯಾರ್ಕ್ ನಗರದ ನಾಲ್ಕು, ಐದನೇ ತರಗತಿಗಳ ಅಂಕಗಳನ್ನು ವರ್ಷಾನುಗಟ್ಟಲೆ ನೋಡಿದ 2013ರ ಅಧ್ಯಯನದಲ್ಲಿ ಮೇಷ್ಟ್ರುಗಳು ಪದೇ ಪದೇ ಬದಲಾಗುವ ಶಾಲೆಯ ಮಕ್ಕಳು ಹಿಂದೆ ಬಿದ್ದಿದ್ದರು. ಹೊಡೆತ ಹೆಚ್ಚು ಬಿದ್ದದ್ದು ಹಿಂದುಳಿದ ಶಾಲೆಗಳಿಗೇ. ಹಾಗಾಗಿ ಖಾಯಂ, ಗುತ್ತಿಗೆ ಅನ್ನೋ ಹಣೆಪಟ್ಟಿಗಿಂತ ನಾವು ಕೇಳಬೇಕಾದದ್ದು ಇದು: ಜೂನ್ ಮೊದಲ ದಿನ ತರಗತಿಯಲ್ಲಿ ಮೇಷ್ಟ್ರು ಇದ್ದಾರಾ? ಮುಂದಿನ ಜೂನಿನಲ್ಲೂ ಅವರೇ ಇರ್ತಾರಾ?

ಇದು ನಮ್ಮ ಸರ್ಕಾರದ ಕೈಲಾಗದ ಕೆಲಸ ಏನಲ್ಲ. ತೊಂಬತ್ತರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದಾಗ ಲಕ್ಷದ ಲೆಕ್ಕದಲ್ಲಿ ಮೇಷ್ಟ್ರುಗಳ ನೇಮಕ ಆಯ್ತು, ಅಂಕದ ಮೇಲೆ, ಲಂಚವಿಲ್ಲದೆ. ಆ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಇವತ್ತಿಗೂ ಅವರ ಹೆಸರು ಹೇಳುವಾಗ ಒಂದು ಕ್ಷಣ ನಿಂತು ಹೇಳ್ತಾರೆ. ನಮ್ಮಲ್ಲೇ ಎಷ್ಟು ಜನ ಅಂಥವರ ಕೈಯಲ್ಲಿ ಕಲಿತು ಇಲ್ಲಿಗೆ ಬಂದಿದ್ದೀವಿ! ಈಗ ನೋಡಿ: ಆರರಿಂದ ಎಂಟನೇ ತರಗತಿಗೆ 15 ಸಾವಿರ ಪದವೀಧರ ಶಿಕ್ಷಕರ ಪರೀಕ್ಷೆ ನಡೆದದ್ದು 2022ರ ಮೇನಲ್ಲಿ. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ ತಂದೆಯದ್ದಾಗಬೇಕೋ ಗಂಡನದ್ದಾಗಬೇಕೋ ಅಂತ ವಿಷಯ ಹೈಕೋರ್ಟಿಗೆ ಹೋಯ್ತು. ಆಯ್ಕೆಯಾದವರು ಶಾಲೆ ಸೇರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಪರೀಕ್ಷೆ ನಡೆದಾಗ ಆರನೇ ತರಗತಿಗೆ ಕಾಲಿಡಲಿದ್ದ ಹುಡುಗಿ ಅಷ್ಟರಲ್ಲಿ ಏಳನೇ ತರಗತಿಯ ಅರ್ಧ ದಾಟಿದ್ದಳು. ಪ್ರಮಾಣಪತ್ರದ ನಿಯಮವನ್ನು ಅರ್ಜಿ ಕರೆಯುವ ಮೊದಲೇ ಸ್ಪಷ್ಟ ಮಾಡಿಕೊಳ್ಳೋದಕ್ಕೆ ಏನು ಕಷ್ಟವಿತ್ತು?

ಹಂಚಿಕೆಯ ವಿಚಾರವೂ ಹಾಗೇ. ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಹೊಸದು ಬಂತು. ಕೌನ್ಸೆಲಿಂಗ್, ಸಾಫ್ಟ್‌ವೇರ್ ಎಲ್ಲ ಇದೆ. ಮಂತ್ರಿಗಳ ಚೀಟಿ ಹಿಡಿದು ಓಡಾಡೋ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ, ಅದಕ್ಕೆ ಶಹಬ್ಬಾಸ್ ಹೇಳಲೇಬೇಕು. ಆದರೆ ಒಳಹಳ್ಳಿಯಲ್ಲಿ ಹತ್ತು ವರ್ಷ ಇರೋ ಮೇಷ್ಟ್ರಿಗೆ ಇರೋದಕ್ಕೊಂದು ಮನೆ, ಬಸ್ಸು, ಮಕ್ಕಳಿಗೆ ಒಳ್ಳೆ ಹೈಸ್ಕೂಲು, ಸ್ವಲ್ಪ ಹೆಚ್ಚು ಸಂಬಳ ಯಾಕೆ ಕೊಡಬಾರದು? ಇಲ್ಲದಿದ್ದರೆ ಎಂಥ ಅಲ್ಗಾರಿದಂ ಬರೆದರೂ ಅದು ದೇವದುರ್ಗದಿಂದ ಹೊರಗೆ ಹೋಗೋ ಕ್ಯೂ ಅನ್ನು ನಿಭಾಯಿಸೋ ಅಲ್ಗಾರಿದಮ್ಮೇ ಆಗುತ್ತೆ.

ಕನ್ನಡ ಮಾಧ್ಯಮವೋ ಇಂಗ್ಲಿಷೋ ಅನ್ನೋ ವಾದ ನಮ್ಮಲ್ಲಿ ಬೇಕಾದಷ್ಟು ನಡೆದಿದೆ, ನಡೆಯುತ್ತಲೇ ಇರಲಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನಾವು ಸುರಿಸಿದ ಅಕ್ಷರಗಳಿಗೆ ಲೆಕ್ಕವಿಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರು ಮಾಡಿದಾಗಲೂ ಕೂಗಾಡಿದೆವು. ಅಲ್ಲಿಗೆ ಹೊಸ ಶಿಕ್ಷಕರನ್ನು ಕೊಟ್ರಾ, ಇದ್ದವರಿಗೇ ಕೆಲವು ದಿನದ ತರಬೇತಿ ಕೊಟ್ಟು ಕೈತೊಳೆದುಕೊಂಡ್ರಾ ಅಂತ ಕೇಳಿದವರು ಕಡಿಮೆ. ಮೇಷ್ಟ್ರೇ ಇಲ್ಲದ ತರಗತಿಯ ಮಾಧ್ಯಮ ಯಾವುದು, ಹೇಳಿ? ಕನ್ನಡ ಶಾಲೆ ಉಳಿಸಿ ಅನ್ನೋರು ಮೊದಲು ಆ ಶಾಲೆಗೆ ಎರಡನೇ ಮೇಷ್ಟ್ರನ್ನು ಕೇಳಬೇಕು. ಅಪ್ಪ-ಅಮ್ಮಂದಿರು ಮಗುವನ್ನು ಖಾಸಗಿ ಶಾಲೆಯ ವ್ಯಾನ್ ಹತ್ತಿಸೋದು ಬರೀ ಇಂಗ್ಲಿಷಿನ ವ್ಯಾಮೋಹಕ್ಕೆ ಅಂತ ಬೈಯೋದು ಸುಲಭ. ಅಲ್ಲಿ ತರಗತಿಗೊಬ್ಬರು ಟೀಚರ್ ಇದ್ದಾರೆ, ಇಲ್ಲಿ ಐದು ತರಗತಿಗೆ ಒಬ್ಬರು. ಯಾವ ತಾಯಿಯಾದರೂ ಏನು ಮಾಡ್ತಾಳೆ?

ಹಾಗಾಗಿ ಈ ವರ್ಷದ ದೇಣಿಗೆಗೆ ಮೊದಲು ಒಂದು ಕೆಲಸ. ನೀವು ಓದಿದ ಊರಿನ ಶಾಲೆಯ ಯುಡೈಸ್ ಸಂಖ್ಯೆ ಹುಡುಕಿ, ಇಂಟರ್‌ನೆಟ್ಟಿನಲ್ಲೇ ಸಿಗುತ್ತೆ. ಆ ಶಾಲೆಯಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು ನೋಡಿ. ಆಮೇಲೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಮಂಜೂರಾದ ಹುದ್ದೆ ಎಷ್ಟು, ಯಾವ ವಿಷಯದ್ದು, ಎಂದಿನಿಂದ ಖಾಲಿ, ಅತಿಥಿ ಶಿಕ್ಷಕರು ಸೇರಿದ ದಿನಾಂಕ ಯಾವುದು, ಗೌರವಧನ ಯಾವ ತಿಂಗಳವರೆಗೆ ಪಾವತಿಯಾಗಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಈ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡವರು ಊರಿನಲ್ಲಿರುವ ಅಣ್ಣನ ಕೈಲೋ ಚಿಕ್ಕಪ್ಪನ ಕೈಲೋ ಹಾಕಿಸಿ. ಎಸ್‌ಡಿಎಂಸಿಯಲ್ಲಿರುವ ಪೋಷಕರ ಕೈಲಿ ಹಾಕಿಸಿದರೆ ಇನ್ನೂ ಒಳ್ಳೆಯದು, ಉತ್ತರ ಬಂದ ಮೇಲೆ ಅದನ್ನು ಹಿಡಿದು ಬಿಇಒ ಮುಂದೆ ಕೂರೋರು ಅವರೇ.

ಉತ್ತರದ ಒಂದು ಪ್ರತಿ ನಿಮ್ಮ ಶಾಸಕರಿಗೆ ಹೋಗಲಿ, 26ನೇ ಕಲಂ ಕೆಳಗೆ ಗೆರೆ ಎಳೆದು. ಒಂದು ಪ್ರತಿ ನಮಗೂ ಕಳಿಸಿ. ತಾಲೂಕುವಾರು ಜೋಡಿಸಿ, ನಂಜುಂಡಪ್ಪ ಪಟ್ಟಿಯ ಪಕ್ಕ ಇಟ್ಟು, ಬರುವ ಸಂಚಿಕೆಗಳಲ್ಲಿ ಪ್ರಕಟಿಸ್ತೀವಿ. ಸ್ಪ್ರೆಡ್‌ಶೀಟ್ ಕೆಲಸಕ್ಕೆ ಇಬ್ಬರು ಮುಂದೆ ಬಂದಿದ್ದಾರೆ, ಇನ್ನೂ ನಾಲ್ವರು ಬೇಕು. ಮೊದಲಿಗೆ ರಾಯಚೂರು, ಯಾದಗಿರಿ ಜಿಲ್ಲೆಗಳನ್ನು ತೆಗೆದುಕೊಳ್ತಿದ್ದೀವಿ, ಆ ಕಡೆಯವರು ಈ ವಾರವೇ ಬರೆಯಿರಿ.